ತಾಮಸ್ ಹ್ಯಾರಿಯಟ್

ಒಂದು ರಾಶಿಯು ಮತ್ತೊಂದಕ್ಕಿಂತ ಹೆಚ್ಚೆಂದೋ ಕಡಿಮೆಯೆಂದೋ ತೋರಿಸುವುದಕ್ಕೆ ಬೀಜಗಣಿತದಲ್ಲಿ ನಾವು ಎರಡು ಚಿಹ್ನೆಗಳನ್ನು ಬರೆಯುತ್ತೇವೆ. ಚಿಹ್ನೆಯ ತೆರೆದ ಬಾಯಿ ಯಾವಾಗಲೂ ದೊಡ್ಡ ರಾಶಿಯ ಕಡೆಗಿರುವುದು. ಇವು ಯಾರ ಗ್ರಂಥದಿಂದ ಬಂದುವೆಂದು ನಮ್ಮಲ್ಲಿ ವಿಚಾರಿಸಿದವರು ವಿರಳ. ಆ ಪಂಡಿತನ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವೆವು.

ತಾಮಸ್ ಹ್ಯಾರಿಯಟನು ಸುಮಾರು ೧೫೬೦ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, ೧೫೮೦ರಲ್ಲಿ ಪದವಿಯನ್ನು ಪಡೆದನು. ಬಳಿಕ ಸರ್ ವಾಲ್ಟರ್ ರಾಲೆಯ ಆಶ್ರಯವನ್ನು ಸೇರಿ, ನಾವಿಕರಿಗೆ ನೌಕಾಯಾನದ ಗಣಿತವನ್ನು ಕಲಿಸಿದನು. ೧೫೮೫ರಲ್ಲಿ ಅಮೇರಿಕೆಯ ರೋನೋಕ್ ದ್ವೀಪಕ್ಕೆ ಹೋದನು. ಆ ನಾಡಿನವರ ಭಾಷೆಯನ್ನೂ ಕಲಿತಿದ್ದನು. ಆ ದೇಶದ ವರದಿಯನ್ನು ೧೫೮೮ರಲ್ಲಿ ಅಚ್ಚುಹಾಕಿಸಿದನು. ಅವನ ಜೀವಮಾನದಲ್ಲಿ ಪ್ರಕಟವಾದ ಪುಸ್ತಕ ಅದೊಂದೇ.

ಅನಂತರ ಕಷ್ಟಕಾಲವು ಬಂದಿತು. ೧೬೦೩ರಲ್ಲಿ ರಾಲೆಯು ಸೆರೆಯಾದನು. ೧೬೦೫ರಲ್ಲಿ ಮತ್ತೊಬ್ಬ ಪೋಷಕನಾದ ನಾರ್ತಂಬರ್ಲೆಂಡಿನ ಪ್ರಭುವೂ ರಾಜದ್ರೋಹದ ಸಂಶಯಕ್ಕೆ ಗುರಿಯಾಗಲು, ಹ್ಯಾರಿಯಟನು ಸಹ ಕೆಲವು ಕಾಲ ಸೆರೆವಾಸವನ್ನು ಅನುಭವಿಸಿದನು. ಆದರೂ ವಿದ್ಯೆಯನ್ನು ಬಿಡಲಿಲ್ಲ. ೧೬೦೯ರ ಬೇಸಗೆಯಲ್ಲಿ ದೂರದರ್ಶಕ ಯಂತ್ರದಿಂದ ಚಂದ್ರನನ್ನು ನೋಡಿ ಚಿತ್ರಿಸಿದನು. ಗೆಲಿಲಿಯೋವಿನ ಚಂದ್ರಚಿತ್ರಗಳಿಗಿಂತಲೂ ಇದು ಮೊದಲಿನದು. ಆದರೆ ಪ್ರಕಟಿಸಲಿಲ್ಲವಾದ್ದರಿಂದ ಕೀರ್ತಿಯು ಗೆಲಿಲಿಯೋವಿಗೆ ಸಂದಿತು. ಬೆಳಕಿನ ವಕ್ರೀಭವನದ ನಿಯಮವನ್ನೂ ಮೊದಲೇ ಕಂಡುಕೊಂಡಿದ್ದನು. ಅದಕ್ಕೆ ಸ್ನೆಲ್ಲನ ಹೆಸರು ನಿಂತಿತು.

ಮೂಗಿನಲ್ಲೆದ್ದ ವ್ರಣದಿಂದ ಬಹುಕಾಲ ನರಳಿ, ೧೬೨೧ನೆಯ ಜುಲೈ ೨ರಂದು ಲಂಡನ್ನಿನಲ್ಲಿ ಮೃತನಾದನು. ಹತ್ತು ವರ್ಷಗಳ ಮೇಲೆ, ೧೬೩೧ರಲ್ಲಿ, ಸ್ನೇಹಿತರು ಅವನ ಕಾಗದಗಳಿಂದ ಬೀಜಗಣಿತದ ಲ್ಯಾಟಿನ್ ಗ್ರಂಥವೊಂದನ್ನು ಪ್ರಕಟಿಸಿದರು. ನಮ್ಮ ಚಿಹ್ನೆಗಳು ಮೊದಲು ಅಚ್ಚಾದುದು ಅದರಲ್ಲಿಯೇ.

ಒಂದು ರಾಶಿಯನ್ನು ಎರಡು ಅಸಮ ಭಾಗಗಳಾಗಿ ಒಡೆದರೆ, ಅದರ ಅರ್ಧದ ವರ್ಗವು ಆ ಭಾಗಗಳ ಗುಣಲಬ್ಧಕ್ಕಿಂತ ಹೆಚ್ಚೆಂಬ ತತ್ತ್ವವು ಆ ಗ್ರಂಥದಲ್ಲಿದೆ. ೧೦ನ್ನು ಒಡೆದು ನೋಡೋಣ. ೫ನ್ನು ೫ರಿಂದ ಗುಣಿಸಿದರೆ ೨೫. ೭ನ್ನು ೩ರಿಂದ ಗುಣಿಸಿದರೆ ೨೧. ೮ನ್ನು ೨ರಿಂದ ಗುಣಿಸಿದರೆ ೧೬. ಗುಣಲಬ್ಧವು ೨೧ಕ್ಕಿಂತ ಹೆಚ್ಚಾಗಬೇಕಾದರೆ ಒಂದು ಭಾಗವು ಎಷ್ಟಿರಬೇಕು? ಚೌಕಳಿ ಕಾಗದದಲ್ಲಿ ಭಾಗವನ್ನು ಅಡ್ಡಕ್ಕೂ ಗುಣಲಬ್ಧವನ್ನು ಎತ್ತರಕ್ಕೂ ಗುರುತಿಸಿದರೆ, ಎಸೆದ ಕಲ್ಲಿನ ದಾರಿಯಂತೆ ಏರಿ ಇಳಿಯುವ ಪರವಲಯವು ದೊರೆಯುವುದು. ೨೧ರ ಎತ್ತರದಲ್ಲಿ ಎಳೆದ ಅಡ್ಡಗೆರೆಯನ್ನು ಅದು ೩ರಲ್ಲಿಯೂ ೭ರಲ್ಲಿಯೂ ಕತ್ತರಿಸುವುದು. ಇವೆರಡರ ನಡುವೆ ಮಾತ್ರ ವಕ್ರರೇಖೆಯು ಗೆರೆಯ ಮೇಲಿರುವುದು. ಆದಕಾರಣ ಭಾಗವು ೩ಕ್ಕಿಂತ ಹೆಚ್ಚಾಗಿಯೂ ೭ಕ್ಕಿಂತ ಕಡಿಮೆಯಾಗಿಯೂ ಇರಬೇಕು. ೩ ಮತ್ತು ೭ ಸಲ್ಲವು. ಅಲ್ಲಿ ಗುಣಲಬ್ಧವು ೨೧ಕ್ಕೆ ಸಮವಾಗುವುದು. ಗುಂಡಿನ ಹಾದಿಯು ಇಂತಹ ಪರವಲಯವೆಂದು ಹ್ಯಾರಿಯಟನೇ ಲೆಕ್ಕಹಾಕಿದ್ದನು.

ಸ್ನೇಹಿತರು ಆ ಕಾಗದಗಳನ್ನು ತೆರೆಯದಿದ್ದರೆ ಅವನ ಈ ಶ್ರಮವೂ ಮರೆಯಾಗುತ್ತಿತ್ತು. ಪ್ರಿಯ ಸಹೋದರಿಯರೇ, ಕಲಿತುದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಪರರಿಗೆ ಹಂಚುವುದನ್ನೂ ನಾವು ಕಲಿಯೋಣ.