ಕಾಗದ ಬರೆದು ಗೆದ್ದ ಮನ್ರೋ ಸಾಹೇಬರು

ಕಲ್ಲಟ್ಟಿ: ಜಮೀನಿನ ಕಾಗದ ಎಂದರೆ ಈ ಕಡೆ ಪಟ್ಟಾ, ಚಿಟ್ಟಾ. ಗಡಿ ದಾಟಿ ಗುಂಡ್ಲುಪೇಟೆಗೆ ಹೋದರೆ ಪಹಣಿ. ಇಲ್ಲಿ ಸೆಂಟ್ ಲೆಕ್ಕ, ಅಲ್ಲಿ ಗುಂಟೆ ಲೆಕ್ಕ. ಕಲ್ಲಟ್ಟಿ, ಮಸಿನಗುಡಿಯವರಿಗೆ ಎರಡೂ ಗೊತ್ತು. ಆದರೆ ಜಮೀನ್ದಾರನನ್ನು ನಡುವೆ ತರದೆ ರೈತನ ಹೆಸರಿಗೇ ನೇರವಾಗಿ ಪಟ್ಟಾ ಕೊಡಬೇಕೆಂದು ವರ್ಷಗಟ್ಟಲೆ ವರದಿ ಬರೆದು ಬರೆದು ಸರ್ಕಾರವನ್ನು ಒಪ್ಪಿಸಿದವರಲ್ಲಿ ಮುಖ್ಯರು ಸರ್ ಥಾಮಸ್ ಮನ್ರೋ.

ಮಂತ್ರಾಲಯದಲ್ಲಿ ರಾಯರ ದರ್ಶನ ಪಡೆದ ಕಲೆಕ್ಟರ್ ಎಂಬ ಭಕ್ತರ ಕತೆಯಿಂದ ಕನ್ನಡಿಗರಿಗೆ ಈ ಹೆಸರು ಪರಿಚಿತ. ಅವರ ಬರವಣಿಗೆಯ ಕತೆ ಅಷ್ಟು ಪ್ರಚಾರಕ್ಕೆ ಬಂದಿಲ್ಲ.

ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ಅಮೆರಿಕದ ಹೊಗೆಸೊಪ್ಪಿನ ವ್ಯಾಪಾರಿ. ಮಗನೂ ಒಂದು ವ್ಯಾಪಾರದ ಮಳಿಗೆಯಲ್ಲಿ ಲೆಕ್ಕ ಬರೆಯಲು ಕೂತಿದ್ದ. ಅಷ್ಟರಲ್ಲಿ ಅಮೆರಿಕದ ಯುದ್ಧ ಬಂತು, ತಂದೆಯ ವ್ಯಾಪಾರ ಮುಳುಗಿತು. ಹುಡುಗ ಹೊಟ್ಟೆಪಾಡಿಗೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಹೈದರನ ಮೇಲೆ, ನಂತರ ಟಿಪ್ಪುವಿನ ಮೇಲೆ ಯುದ್ಧ ಮಾಡಿದ. ಬಿಡುವಿನಲ್ಲಿ ಪರ್ಷಿಯನ್, ಹಿಂದೂಸ್ತಾನಿ ಕಲಿತ.

1792ರಲ್ಲಿ ಬಾರಾಮಹಲ್ ಸೀಮೆ, ಅಂದರೆ ಈಗಿನ ಕೃಷ್ಣಗಿರಿ, ಧರ್ಮಪುರಿ ಕಡೆ, ಕಂಪನಿಯ ಕೈಸೇರಿತು. ಅಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅವರ ಕೈಕೆಳಗೆ ಮನ್ರೋ ಕಂದಾಯದ ಕೆಲಸಕ್ಕೆ ನಿಂತರು. ಕನ್ನಡ, ತಮಿಳು, ತೆಲುಗು ಮೂರೂ ಬೆರೆತ ಸೀಮೆ ಅದು. ಏಳು ವರ್ಷ ಹಳ್ಳಿ ಸುತ್ತಿ, ರೈತ ಏನು ಬೆಳೆಯುತ್ತಾನೆ, ಎಷ್ಟು ಕೊಡಬಲ್ಲ ಎಂಬುದನ್ನು ಕಣ್ಣಾರೆ ಕಂಡರು. ಕಾಣದ ವಿಷಯ ಬರೆಯುವವನ ಕಾಗದ ಉದ್ದವಾಗುತ್ತದೆ. ಮನ್ರೋ ಕಂಡಿದ್ದರು.

ಟಿಪ್ಪು ಮಡಿದ 1799ರಲ್ಲಿ ಅವರನ್ನು ಕೆನರಾ ಜಿಲ್ಲೆಗೆ ಹಾಕಿದರು. ಅಲ್ಲಿಯ ಮಳೆ ಅವರಿಗೆ ಆಗಿಬರಲಿಲ್ಲ, ವರ್ಗ ಕೇಳುತ್ತಲೇ ಇದ್ದರು. ಆದರೂ ಅಲ್ಲಿಂದ 1800ರ ಮೇ 31ರಂದು ಕಳಿಸಿದ ವರದಿ ಇಂದಿಗೂ ಇತಿಹಾಸಕಾರರಿಗೆ ಬೇಕು. ಹಳೆಯ ಲೆಕ್ಕಪತ್ರಗಳನ್ನು ತೆಗೆಸಿ, ವಿಜಯನಗರದ ಹರಿಹರರಾಯನ ಕಾಲದಿಂದ ಹಿಡಿದು ಇಕ್ಕೇರಿ ಅರಸರು, ಹೈದರ್, ಟಿಪ್ಪು ಒಬ್ಬೊಬ್ಬರೂ ಕಂದಾಯಕ್ಕೆ ಏನೇನು ಸೇರಿಸಿದರು ಎಂದು ಸಾಲಾಗಿ ತೋರಿಸಿದರು. ಆಮೇಲೆ, ಇಷ್ಟು ಹೊರೆ ಹೊರಲಾಗದು, ಇಳಿಸಬೇಕು ಎಂದರು. ಮದ್ರಾಸಿನಲ್ಲಿ ಕೂತ, ಉಡುಪಿ ಯಾವ ದಿಕ್ಕಿಗಿದೆ ಎಂದೇ ಗೊತ್ತಿಲ್ಲದ ಅಧಿಕಾರಿಗೂ ದಾರಿ ತಪ್ಪದಂತಹ ಬರಹ.

ಅಂದಹಾಗೆ, ಈಗ ಕರ್ನಾಟಕದ ಕಚೇರಿಗಳಲ್ಲಿ ಫೈಲಿಗೆ ಕಡತ ಅನ್ನುತ್ತಾರಲ್ಲ, ಹಿಂದೆ ಕಡತ ಎಂದರೆ ಹುಣಿಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮಡಿಕೆ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು.

1800ರ ಕೊನೆಗೆ ಬಳ್ಳಾರಿ, ಕಡಪ ಸೀಮೆ ಮನ್ರೋ ವಶಕ್ಕೆ ಬಂತು. ಅಲ್ಲಿ ಏಳು ವರ್ಷ ಹೆಚ್ಚಾಗಿ ಡೇರೆಯಲ್ಲೇ ಬಾಳಿದರು. 33 ಅಡಿಯ ಸರಪಳಿ ಹಿಡಿದು ಹೊಲಗಳನ್ನು ಅಳೆಸಿದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ರೈತನಿಗೂ ಅರ್ಥವಾಗುತ್ತಿತ್ತು, ಮದ್ರಾಸಿಗೂ ಅರ್ಥವಾಗುತ್ತಿತ್ತು.

ಹಾಗೆಂದು ಎಲ್ಲವೂ ರೈತನ ಪರವೇ ಇತ್ತು ಎನ್ನಲಾಗದು. ಆ ವರ್ಷಗಳಲ್ಲಿ ಅವರೇ ಕಂದಾಯ ಏರಿಸುತ್ತ ಹೋದರು. ಕೊನೆಗೆ 1807ರ ಆಗಸ್ಟ್ 15ರಂದು ಬರೆದ ಕಾಗದದಲ್ಲಿ ಮಾತ್ರ ಸ್ಪಷ್ಟವಾಗಿ ತಿಳಿಸಿದರು: ರೈತವಾರಿ ಶಾಶ್ವತವಾಗಿ ನಿಲ್ಲಬೇಕಾದರೆ ಎಲ್ಲ ಜಮೀನಿಗೂ ಶೇಕಡಾ 25 ಇಳಿಸಿ, ಬಾವಿ ನೀರಿನ ಜಮೀನಿಗೆ ಇನ್ನೂ 8 ಸೇರಿಸಿ ಇಳಿಸಿ. ಸರ್ಕಾರಕ್ಕೆ ನಷ್ಟ ಎಂಬುದನ್ನು ಮುಚ್ಚಿಡಲಿಲ್ಲ. ಸರ್ಕಾರ ಒಪ್ಪಲಿಲ್ಲ. ಮನ್ರೋ ಊರಿಗೆ ಹೊರಟುಹೋದ ಮೇಲೆ ಇಡೀ ಹಳ್ಳಿಯನ್ನೇ ಗುತ್ತಿಗೆಗೆ ಕೊಡುವ ಪದ್ಧತಿ ಬಂತು, ಅನೇಕ ರೈತರು ಹಾಳಾದರು. ಒಳ್ಳೆಯ ಕಾಗದವೂ ಓದುವವನ ಮೇಜಿನ ಮೇಲೆ ಸಾಯಬಹುದು.

ಈ ಕಾಗದ ಸಾಯಲಿಲ್ಲ. 1813ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕಂಪನಿಯ ಸನದಿನ ವಿಚಾರಣೆ ನಡೆದಾಗ ಮನ್ರೋ ಸಾಕ್ಷಿ ಹೇಳಿದರು. ಅಳೆದು ತೂಗಿ ಕೊಟ್ಟ ಉತ್ತರಗಳಿಂದ ಹೆಸರಾದರು. 1820ರಲ್ಲಿ ಮದ್ರಾಸ್ ಗವರ್ನರ್ ಆಗಿ ಮರಳಿದರು. ಹದಿಮೂರು ವರ್ಷದ ಹಿಂದೆ ತಾವೇ ಬರೆದ ಶೇಕಡಾ 25ರ ಇಳಿಕೆ ಆಗ ಜಾರಿಗೆ ಬಂತು.

ಗವರ್ನರ್ ಆದ ಮೇಲೂ ಪ್ರಶ್ನೆ ಕೇಳುವ ರೀತಿ ಬದಲಾಗಲಿಲ್ಲ. 1822ರ ಜುಲೈ 2ರಂದು, ಪ್ರತಿ ಜಿಲ್ಲೆಯಲ್ಲಿ ಶಾಲೆ ಎಷ್ಟು, ಓದುವವರು ಯಾರು ಎಂದು ಕೇಳಿ, ಉತ್ತರ ತುಂಬಲು ಒಂದು ನಮೂನೆಯನ್ನೂ ಜೊತೆಗಿಟ್ಟು ಕಳಿಸಿದರು. ಎಲ್ಲರೂ ಒಂದೇ ಕಾಲಂ ತುಂಬಿದರೆ ಕೂಡಿಸುವುದು ಸುಲಭ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಅದೇ ವರ್ಷ ನವೆಂಬರಿನಲ್ಲಿ ಉತ್ತರ ಕೊಟ್ಟರು. ಕೊಳ್ಳೇಗಾಲ ಆಗ ಅವರ ಜಿಲ್ಲೆಯಲ್ಲೇ ಇತ್ತು. ಬಳ್ಳಾರಿಯಿಂದ 533 ಶಾಲೆ, 6,641 ವಿದ್ಯಾರ್ಥಿಗಳ ಲೆಕ್ಕ ಬಂತು. ಕೆನರಾದಿಂದ ಲೆಕ್ಕ ಬರಲೇ ಇಲ್ಲ. ಎಲ್ಲ ಸೇರಿಸಿ 1826ರ ಮಾರ್ಚ್ 10ರಂದು ಮನ್ರೋ ಬರೆದ ಟಿಪ್ಪಣಿಯಲ್ಲಿ 12,498 ಶಾಲೆಗಳಿವೆ. ಮನೆಯಲ್ಲೇ ಓದುವ ಮಕ್ಕಳು ಈ ಲೆಕ್ಕಕ್ಕೆ ಸಿಕ್ಕಿಲ್ಲ ಎಂಬುದನ್ನೂ ಅವರೇ ಬರೆದಿಟ್ಟರು. ಲೆಕ್ಕದ ಜೊತೆಗೆ ಲೆಕ್ಕದ ಕೊರತೆಯನ್ನೂ ಹೇಳುವ ಅಧಿಕಾರಿ ಅಪರೂಪ.

ಇದೇ ಲೇಖನಿ 1824ರಲ್ಲಿ ಭಾರತೀಯರಿಗೆ ದೊಡ್ಡ ಹುದ್ದೆ ಕೊಡಬೇಕೆಂದು ವಾದಿಸಿತು. 1822ರಲ್ಲಿ ಪತ್ರಿಕಾ ಸ್ವಾತಂತ್ರ್ಯ ಬೇಡವೆಂದೂ ವಾದಿಸಿತ್ತು. ಎರಡೂ ಅಷ್ಟೇ ತಿಳಿಯಾಗಿ.

1826ರಲ್ಲಿ ಮನ್ರೋ ಊಟಿಗೆ ಬಂದು ಸಲ್ಲಿವನ್ ಅವರ ಅತಿಥಿಯಾದರು. ಕಲ್ಲಟ್ಟಿ ಘಾಟ್ ರಸ್ತೆ ಇನ್ನೂ ಆಗಿರಲಿಲ್ಲ. ಇಂಗ್ಲೆಂಡಿಗೆ ಹೋಗಿದ್ದ ಹೆಂಡತಿಗೆ ಬೆಟ್ಟದ ವಿವರವನ್ನೆಲ್ಲ ಇಲ್ಲಿಂದ ಬರೆದರು.

ಮರುವರ್ಷ, ಊರಿಗೆ ಮರಳುವ ಮುನ್ನ ತಮ್ಮ ಹಳೆಯ ಜಿಲ್ಲೆಗಳನ್ನು ಇನ್ನೊಮ್ಮೆ ನೋಡಲು ಹೊರಟರು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡರು. ಮೊದಲು ಗುತ್ತಿಯಲ್ಲಿ ಮಣ್ಣು ಮಾಡಿ, 1831ರಲ್ಲಿ ಮದ್ರಾಸ್ ಕೋಟೆಯ ಸೇಂಟ್ ಮೇರಿ ಚರ್ಚಿಗೆ ತಂದರು. ಆ ಕಡೆಯ ಹಳ್ಳಿಗರು ಬಹಳ ಕಾಲ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು.