ಬೇಡಿದ್ದು ಸಿಕ್ಕಿದ ಮೇಲೆ

ಮಗುವಿನ ಜ್ವರ ಬಿಡಲಿ, ಮಗನಿಗೆ ಕೆಲಸ ಸಿಗಲಿ, ಮಗಳ ಮದುವೆ ಕೂಡಿಬರಲಿ ಎಂದು ನಾವು ನವೇನ ಮಾಡುತ್ತೇವೆ, ಹರಕೆ ಹೊರುತ್ತೇವೆ, ಪೂಜೆ ಒಪ್ಪಿಸುತ್ತೇವೆ. ಬೇಡಿದ್ದು ಸಿಕ್ಕಿದ ದಿನ ಮೇಣದ ಬತ್ತಿ ಹಚ್ಚಿ ಮನೆಗೆ ಬರುತ್ತೇವೆ. ಆಮೇಲೆ? ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಯೇಸುಸ್ವಾಮಿಯ ಬಳಿಗೆ ಹಿಂದಿರುಗಿ ಬಂದವನು ಒಬ್ಬನೇ. ಆ ಒಬ್ಬನಂತೆ ಬಾಳುವುದು ಹೇಗೆಂಬುದನ್ನು ನಮ್ಮೆಲ್ಲರಿಗೂ ಪರಿಚಿತರಾದ ಬಾಲಯೇಸುವಿನ ಸಂತ ತೆರೇಸಮ್ಮನವರ ಜೀವನದಿಂದ ಕಲಿಯಬಹುದು.

ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು, ಫ್ರಾನ್ಸ್ ದೇಶದ ಅಲಾನ್ಸೋನ್ ಪಟ್ಟಣದಲ್ಲಿ. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸ ಬಲ್ಲವರು, ತಾಯಿ ಜೆಲಿ ಕಸೂತಿ ಲೇಸಿನ ವ್ಯಾಪಾರ ನಡೆಸುತ್ತಿದ್ದವರು. ಐವರು ಹೆಣ್ಣುಮಕ್ಕಳಲ್ಲಿ ಇವಳೇ ಕಿರಿಯವಳು. ನಾಲ್ಕೂವರೆ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡಳು. ತಂದೆ ಮಕ್ಕಳನ್ನು ಕರೆದುಕೊಂಡು ಲಿಸಿಯು ಪಟ್ಟಣಕ್ಕೆ ಬಂದರು. ತಾಯಿಯ ಸ್ಥಾನದಲ್ಲಿ ನಿಂತಿದ್ದ ಅಕ್ಕ ಪೌಲಿನ್ ಕೂಡ 1882ರಲ್ಲಿ ಕಾರ್ಮೆಲ್ ಕನ್ಯಾಮಠ ಸೇರಿದಾಗ ಹುಡುಗಿಯ ಮನಸ್ಸು ಮುರಿಯಿತು. ಮರುವರ್ಷ ಹತ್ತರ ಹರೆಯದಲ್ಲಿ ವಿಚಿತ್ರ ಕಾಯಿಲೆ ಬಿದ್ದಳು. ವೈದ್ಯರಿಗೂ ಕಾರಣ ತಿಳಿಯಲಿಲ್ಲ. ತಂದೆ ಪ್ಯಾರಿಸಿನ ವಿಜಯಮಾತೆಯ ದೇವಾಲಯದಲ್ಲಿ ಒಂಬತ್ತು ಪೂಜೆಗಳನ್ನು ಹೇಳಿಸಿದರು. ಪೆಂತಕೋಸ್ತ್ ಹಬ್ಬದ ದಿನ, 1883ರ ಮೇ 13ರಂದು, ಅಕ್ಕಂದಿರು ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ಅಳುತ್ತಾ ಪ್ರಾರ್ಥಿಸುತ್ತಿರುವಾಗ ಕೋಣೆಯಲ್ಲಿದ್ದ ಮಾತೆಯ ಸ್ವರೂಪ ತನ್ನನ್ನು ನೋಡಿ ಮುಗುಳ್ನಕ್ಕಿದ್ದನ್ನು ತೆರೇಸಾ ಕಂಡಳು. ಕಾಯಿಲೆ ಬಿಟ್ಟುಹೋಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತಲ್ಲವೇ? ಕಷ್ಟ ಶುರುವಾದದ್ದೇ ಇಲ್ಲಿಂದ. ತೆರೇಸಾ ಈ ವರವನ್ನು ತನ್ನಲ್ಲೇ ಇಟ್ಟುಕೊಳ್ಳಬೇಕೆಂದಿದ್ದಳು. ಅಕ್ಕ ಮರಿ ಪ್ರೀತಿಯಿಂದ ಕೇಳಿದಾಗ ಹೇಳಿಬಿಟ್ಟಳು. ಸುದ್ದಿ ಕನ್ಯಾಮಠಕ್ಕೂ ಮುಟ್ಟಿತು. ಅಲ್ಲಿಗೆ ಹೋದಾಗ ಕನ್ಯಾಸ್ತ್ರೀಯರ ಪ್ರಶ್ನೆಗಳ ಮಳೆ: ಮಾತೆಯ ಕೈಯಲ್ಲಿ ಬಾಲಯೇಸು ಇದ್ದರೇ, ಬೆಳಕು ಕಾಣಿಸಿತೇ? ಮಾತೆ ಬಹಳ ಸುಂದರವಾಗಿದ್ದರು, ನಕ್ಕರು ಎಂಬುದಷ್ಟೇ ಹುಡುಗಿಗೆ ಗೊತ್ತಿದ್ದದ್ದು. ತಾನು ಸುಳ್ಳು ಹೇಳಿದೆನೇನೋ ಎಂಬ ಅನುಮಾನ ಮನಸ್ಸನ್ನು ಹೊಕ್ಕಿತು. ನಾಲ್ಕು ವರ್ಷಗಳ ಕಾಲ ಆ ವರವನ್ನು ನೆನೆದರೆ ಸಂತೋಷದ ಬದಲು ಸಂಕಟವಾಗುತ್ತಿತ್ತು. 1887ರ ನವೆಂಬರಿನಲ್ಲಿ ವಿಜಯಮಾತೆಯ ದೇವಾಲಯದಲ್ಲೇ ಪ್ರಾರ್ಥಿಸುವಾಗ ಆ ಅನುಮಾನ ಕರಗಿತು.

ಅದೇ 1887ರ ಬೇಸಿಗೆಯಲ್ಲಿ ಎರಡನೆಯ ಘಟನೆ ನಡೆದಿತ್ತು. ಪ್ರಾಂಜಿನಿ ಎಂಬವನು ಪ್ಯಾರಿಸಿನಲ್ಲಿ ಇಬ್ಬರು ಹೆಂಗಸರನ್ನೂ ಒಬ್ಬ ಬಾಲಕಿಯನ್ನೂ ಕೊಲೆ ಮಾಡಿದ ಅಪರಾಧಕ್ಕೆ ಮರಣದಂಡನೆಗೆ ಗುರಿಯಾಗಿದ್ದ. ಅವನಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ. ಊರೆಲ್ಲ ಅವನನ್ನು ಶಪಿಸುತ್ತಿತ್ತು. ಆ ಕೋಪ ಸಹಜವೇ. ಹದಿನಾಲ್ಕರ ತೆರೇಸಾ ಮಾತ್ರ ಅವನ ಆತ್ಮ ನಾಶವಾಗಬಾರದೆಂದು ಹಟಹಿಡಿದು ಪ್ರಾರ್ಥಿಸಿದಳು. ಯಾರಿಗಾಗಿ ಎಂದು ಹೇಳಲು ನಾಚಿ, ಅಕ್ಕ ಸೆಲಿನ್ ಮೂಲಕ ಒಂದು ಪೂಜೆ ಹೇಳಿಸಿದಳು. ದೇವರು ಕ್ಷಮಿಸುತ್ತಾರೆಂಬ ಭರವಸೆ ಆಕೆಗಿತ್ತು. ಆದರೂ ತನ್ನ ಸಮಾಧಾನಕ್ಕೆ ಒಂದೇ ಒಂದು ಗುರುತು ಬೇಡಿಕೊಂಡಳು.

ಆಗಸ್ಟ್ 31ರಂದು ಪ್ರಾಂಜಿನಿಯ ಶಿರಚ್ಛೇದವಾಯಿತು. ಮರುದಿನ ತೆರೇಸಾ ಪತ್ರಿಕೆ ಬಿಡಿಸಿ ಓದಿದಳು. ಪಾಪನಿವೇದನೆ ಮಾಡದೆಯೇ ವಧಾಸ್ಥಾನ ಹತ್ತಿದವನು ಕೊನೆಯ ಗಳಿಗೆಯಲ್ಲಿ ತಿರುಗಿ, ಗುರುಗಳು ಹಿಡಿದಿದ್ದ ಶಿಲುಬೆಯನ್ನು ತೆಗೆದುಕೊಂಡು ಮೂರು ಸಲ ಮುತ್ತಿಟ್ಟಿದ್ದ. ಕಣ್ಣೀರು ಯಾರಿಗೂ ಕಾಣದಿರಲೆಂದು ಹುಡುಗಿ ಅಲ್ಲಿಂದ ಎದ್ದುಹೋದಳು.

ಈ ಸಲ ಆಕೆ ಮಾಡಿದ್ದೇನು? ಪ್ರಾಂಜಿನಿಯನ್ನು ತನ್ನ ಮೊದಲ ಮಗನೆಂದು ಭಾವಿಸಿದಳು. ಮಗು ಹುಟ್ಟಿದರೆ ತಾಯಿಯ ಕೆಲಸ ಮುಗಿಯುತ್ತದೆಯೇ? ಆಗಲೇ ಶುರು. ಪಾಪಿಗಳಿಗಾಗಿ ಬದುಕನ್ನೇ ಮುಡಿಪಿಡುವ ಆಸೆ ಆಕೆಯಲ್ಲಿ ದಿನೇದಿನೇ ಬಲವಾಯಿತು. ವಯಸ್ಸು ಸಾಲದೆಂದು ಹಿರಿಯರು ತಡೆದಾಗ ತಂದೆಯೊಡನೆ ರೋಮಿಗೆ ಹೋಗಿ, ನವೆಂಬರ್ 20ರಂದು ಹದಿಮೂರನೆಯ ಲಿಯೋ ಜಗದ್ಗುರುಗಳ ಪಾದದ ಬಳಿ ಕುಳಿತು ಅನುಮತಿ ಬೇಡಿದಳು. ಮೇಲಧಿಕಾರಿಗಳು ಹೇಳಿದಂತೆ ಆಗಲಿ ಎಂಬ ಉತ್ತರ ಕೇಳಿ ಅಳುತ್ತಾ ಹೊರಬಂದಳು. ಕೊನೆಗೆ 1888ರ ಏಪ್ರಿಲ್ 9ರಂದು, ಹದಿನೈದನೆಯ ವಯಸ್ಸಿನಲ್ಲಿ, ಕಾರ್ಮೆಲ್ ಮಠದ ಬಾಗಿಲು ತೆರೆಯಿತು.

ಮಠದಲ್ಲೂ ತೆರೇಸಮ್ಮನವರು ಆ ಮಗನನ್ನು ಮರೆಯಲಿಲ್ಲ. ಹಬ್ಬದ ಕಾಣಿಕೆಯಾಗಿ ಸ್ವಲ್ಪ ಹಣ ಕೈಗೆ ಬಂದರೆ, ಅಪ್ಪಣೆ ಪಡೆದು ಪ್ರಾಂಜಿನಿಯ ಆತ್ಮಕ್ಕೆ ಪೂಜೆ ಹೇಳಿಸುತ್ತಿದ್ದರು. ಬೇಡಿದ ಗುರುತು ಸಿಕ್ಕಾಗಿತ್ತು; ಆದರೂ ಪ್ರಾರ್ಥನೆ ನಿಲ್ಲಲಿಲ್ಲ. ಆಮೇಲೆ ಚೀನಾಕ್ಕೆ ಹೊರಟ ಒಬ್ಬ ಗುರುಗಳೂ, ಆಫ್ರಿಕಾಕ್ಕೆ ಹೋಗಲಿದ್ದ ಒಬ್ಬ ಗುರು ಅಭ್ಯರ್ಥಿಯೂ ಅವರ ಪ್ರಾರ್ಥನೆಯ ಸೋದರರಾದರು.

ಕೊನೆಯ ಹದಿನೆಂಟು ತಿಂಗಳು ಕಠಿಣವಾಗಿದ್ದವು. 1896ರ ಪವಿತ್ರ ವಾರದಲ್ಲಿ ಕ್ಷಯರೋಗದ ರಕ್ತ ಕಾಣಿಸಿತು. ಪಾಸ್ಖ ಹಬ್ಬದ ದಿನಗಳಲ್ಲೇ ಮನಸ್ಸಿಗೂ ಕತ್ತಲೆ ಕವಿಯಿತು. ಸ್ವರ್ಗವೇ ಇಲ್ಲವೇನೋ ಎಂಬ ಯೋಚನೆ ಕಾಡಿತು. ಬಿಡುಗಡೆ ಬೇಡಿದರೂ ಉತ್ತರ ಬರಲಿಲ್ಲ. ಆದರೆ ಅವರು ಮುನಿಯಲಿಲ್ಲ. ಆ ನೋವನ್ನು ನಂಬಿಕೆಯಿಲ್ಲದವರಿಗಾಗಿ ಒಪ್ಪಿಸಿ ಅವರ ಪಂಕ್ತಿಯಲ್ಲೇ ಕುಳಿತರು. ಬಾಲ್ಯದಲ್ಲಿ ಮುಗುಳ್ನಕ್ಕ ಅದೇ ಮಾತೆಯ ಸ್ವರೂಪವನ್ನು ಅವರ ರೋಗಶಯ್ಯೆಯ ಬಳಿ ತಂದಿಟ್ಟಿದ್ದರು. 1897ರ ಸೆಪ್ಟೆಂಬರ್ 30ರಂದು, 24ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. 1925ರಲ್ಲಿ ಸಂತ ಪದವಿಯೂ, 1927ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರೊಂದಿಗೆ ಧರ್ಮಪ್ರಚಾರ ಕ್ಷೇತ್ರಗಳ ಪಾಲಕಿಯ ಸ್ಥಾನವೂ ದೊರೆತವು. 1997ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತೆಯೆಂದು ಘೋಷಿಸಿದರು. ಅವರ ತಂದೆತಾಯಿಗಳೂ 2015ರಲ್ಲಿ ಸಂತರಾದರು.

ದೇವರು ಮಾಡಿದ ಉಪಕಾರವನ್ನು ಹೇಳಬಾರದೆಂದು ಇದರ ಅರ್ಥವಲ್ಲ. ಮಠದ ಮಾತೆಯ ಅಪ್ಪಣೆಯಂತೆ ತೆರೇಸಮ್ಮನವರೇ ಅದನ್ನೆಲ್ಲ ಬರೆದಿಟ್ಟರು. ಆದ್ದರಿಂದಲೇ ನಮಗೆ ಗೊತ್ತಾಯಿತು. ಆದರೆ ದೊರೆತ ವರ ಬರೀ ಬಾಯಿಮಾತಾಗಿ ಉಳಿದರೆ ಬೇಗ ಬಾಡುತ್ತದೆ. ಇನ್ನೊಬ್ಬರಿಗಾಗಿ ಮೊಣಕಾಲೂರಿಸಿದರೆ ಬೇರುಬಿಡುತ್ತದೆ. ನಿಮ್ಮ ಮಗು ಗುಣವಾಗಿದೆಯೇ? ಅದೇ ವಾರ್ಡಿನಲ್ಲಿ ಇನ್ನೂ ಮಲಗಿರುವ ಮಗುವಿಗಾಗಿ ಪ್ರಾರ್ಥಿಸಿ. ನಿಮ್ಮ ಮಗನಿಗೆ ಕೆಲಸ ಸಿಕ್ಕಿದೆಯೇ? ಪಕ್ಕದ ಮನೆಯ ಮಗನನ್ನು ನೆನೆಯಿರಿ. ಇಂದು ರಾತ್ರಿ ಮನೆಯವರೆಲ್ಲ ಜಪಸರಕ್ಕೆ ಕೂತಾಗ, ಯಾರೂ ಪ್ರಾರ್ಥಿಸದ ಒಬ್ಬರ ಹೆಸರನ್ನು ಸೇರಿಸಿಕೊಳ್ಳೋಣ. ನಮ್ಮ ಹರಕೆ ನಿಜವಾಗಿ ತೀರುವುದು ಹಾಗೆ.