ಮನೆಮನೆಗೆ ಬಂದ ಚಿತ್ರಕಾರ: ರಾಜಾ ರವಿವರ್ಮ

ವೀಣೆ ನುಡಿಸುತ್ತ ಕುಳಿತ ಸರಸ್ವತಿ, ತಾವರೆಯ ಮೇಲೆ ನಿಂತ ಲಕ್ಷ್ಮಿ - ಈ ಎರಡು ಪಟಗಳನ್ನು ಕಾಣದವರು ನಮ್ಮ ನಾಡಿನಲ್ಲಿ ವಿರಳ. ದೇವಿಯರು ಇರುವುದೇ ಹೀಗೆ ಎಂದು ನಾವೆಲ್ಲರೂ ನಂಬಿಬಿಟ್ಟಿದ್ದೇವೆ. ಆದರೆ ಆ ರೂಪಗಳಿಗೂ ಒಬ್ಬ ಕರ್ತೃವುಂಟು. ಆತನು ಅರಮನೆಗಳ ಚಿತ್ರಕಾರನಾಗಿದ್ದೂ ತನ್ನ ಕಲೆಯನ್ನು ಅರಮನೆಯಲ್ಲಿಯೇ ಬಿಟ್ಟುಬಿಡಲಿಲ್ಲ. ರಾಜಾ ರವಿವರ್ಮನ ಜೀವನದಲ್ಲಿ ಆತನು ಗಳಿಸಿದ ಪದಕಗಳಿಗಿಂತಲೂ ನನಗೆ ಈ ಸಂಗತಿಯೇ ದೊಡ್ಡದಾಗಿ ಕಾಣುತ್ತದೆ.

ರವಿವರ್ಮನು 1848ರ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದನು. ಬಾಲ್ಯದಲ್ಲಿ ಗೋಡೆಗಳ ಮೇಲೆಲ್ಲಾ ಚಿತ್ರ ಗೀಚುತ್ತಿದ್ದ ಹುಡುಗನನ್ನು ಗದರಿಸುವ ಬದಲು ಸೋದರಮಾವ ರಾಜರಾಜವರ್ಮನು ಕೈಹಿಡಿದು ತಿದ್ದಿದನೆಂದು ಹೇಳುವುದುಂಟು. ಹದಿನಾಲ್ಕನೆಯ ವಯಸ್ಸಿನಲ್ಲಿ ಹುಡುಗನು ತಿರುವನಂತಪುರದ ಅರಮನೆ ಸೇರಿ, ಆಯಿಲ್ಯಂ ತಿರುನಾಳ್ ಮಹಾರಾಜನ ಆಶ್ರಯ ಪಡೆದನು. ತೈಲವರ್ಣದ ಚಿತ್ರಕಲೆ ಆಗ ನಮ್ಮವರಿಗೆ ಹೊಸದು. ಅದನ್ನು ಹೇಳಿಕೊಡುವವರು ದುರ್ಲಭ. ಮಹಾರಾಜನ ಭಾವಚಿತ್ರ ಬರೆಯಲು ಬಂದ ಥಿಯೋಡೋರ್ ಜೆನ್ಸನ್ ಎಂಬ ಯುರೋಪಿಯನ್ ಚಿತ್ರಕಾರನು ತಾನು ಕೆಲಸ ಮಾಡುವುದನ್ನು ನೋಡಲು ಬಿಟ್ಟನೇ ಹೊರತು ಪಾಠ ಹೇಳಲಿಲ್ಲ. ರವಿವರ್ಮನು ನೋಡಿ ನೋಡಿಯೇ ಕಲಿತನು. ಗುರುವಿಲ್ಲದೆ ಕಲಿಯಬೇಕಾದವರ ಕಷ್ಟ ನಮ್ಮಲ್ಲಿ ಅನೇಕರಿಗೆ ತಿಳಿಯದ್ದಲ್ಲ.

1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಆತನಿಗೆ ಚಿನ್ನದ ಪದಕ ಬಂದಿತು. ಅದೇ ವರ್ಷ ವಿಯನ್ನಾ ಪ್ರದರ್ಶನದಲ್ಲಿಯೂ ಬಹುಮಾನ ದೊರೆಯಿತು. ಬಳಿಕ ರಾಜಮಹಾರಾಜರ ಕರೆಗಳು ಒಂದರ ಮೇಲೊಂದು ಬಂದವು. ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜನಿಗಾಗಿ ಹದಿನಾಲ್ಕು ಪುರಾಣ ಚಿತ್ರಗಳನ್ನು ಬರೆದುಕೊಟ್ಟನು. ತಮ್ಮ ಸಿ. ರಾಜರಾಜವರ್ಮನು ಸ್ವತಃ ಚಿತ್ರಕಾರನಾಗಿದ್ದೂ ಅಣ್ಣನ ಬಲಗೈಯಾಗಿ ಊರೂರು ಸುತ್ತಿದನು. 1893ರಲ್ಲಿ ಚಿಕಾಗೋ ನಗರದ ವಿಶ್ವ ಪ್ರದರ್ಶನಕ್ಕೆ ಹೋದ ಚಿತ್ರಗಳೂ ಪದಕ ಗಳಿಸಿದವು.

ಕೀರ್ತಿಯೇನೋ ಬಂದಿತು. ಆದರೆ ಒಂದು ಕ್ಯಾನ್ವಾಸಿನ ಮೇಲೆ ಬರೆದ ಚಿತ್ರ ಒಂದೇ ಗೋಡೆಯ ಮೇಲಿರಬಲ್ಲದು. ಆ ಗೋಡೆಯೋ ಅರಮನೆಯದು. ನೋಡಬಯಸುವವರು ಲಕ್ಷಾಂತರ, ಬಾಗಿಲು ಒಂದೇ! ತಿರುವಾಂಕೂರಿನಲ್ಲಿಯೂ ಬಡೋದೆಯಲ್ಲಿಯೂ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಈ ತೊಡಕನ್ನು ಕಂಡು, ಕೆಲವು ಚಿತ್ರಗಳನ್ನು ಯುರೋಪಿಗೆ ಕಳುಹಿಸಿ ಅಚ್ಚು ಹಾಕಿಸಬೇಕೆಂದು ಸೂಚಿಸಿದ್ದರು. ರವಿವರ್ಮನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1894ರಲ್ಲಿ ಮುಂಬಯಿಯಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದನು. ಯಂತ್ರಗಳು ಜರ್ಮನಿಯಿಂದ ಬಂದವು. ಕುಶಲ ಕೆಲಸಗಾರರೂ ಅಲ್ಲಿಂದಲೇ ಬಂದರು.

ಆ ಮುದ್ರಣದ ಕ್ರಮವನ್ನು ತಿಳಿದರೆ ಅದರ ಶ್ರಮದ ಅರಿವಾಗುತ್ತದೆ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ, ಬಣ್ಣದ ಉರುಳೆಯನ್ನು ಹಾಯಿಸುತ್ತಾರೆ. ನೀರು ಇರುವಲ್ಲಿ ಬಣ್ಣ ನಿಲ್ಲದು, ಜಿಡ್ಡು ಇರುವಲ್ಲಿ ಮಾತ್ರ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಕಾಗದ ಎಲ್ಲ ಕಲ್ಲುಗಳನ್ನೂ ಹಾದುಬರಬೇಕು; ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯ ಕೆಂಪು ಕೆನ್ನೆಗೆ ಹತ್ತುವುದು! ಕೊನೆಗೆ ತೈಲಚಿತ್ರದ ಹೊಳಪು ಬರಲೆಂದು ವಾರ್ನಿಷ್ ಬಳಿಯುತ್ತಿದ್ದರು.

ವ್ಯಾಪಾರದಲ್ಲಿ ಲಕ್ಷ್ಮಿಯು ಆಕೆಯ ಚಿತ್ರ ಬರೆದವನಿಗೆ ಒಲಿಯಲಿಲ್ಲ. ಮುಂಬಯಿಗೆ ಪ್ಲೇಗು ಬಂದಿತು, ಸಾಲ ಬೆಳೆಯಿತು. ಮುದ್ರಣಾಲಯವನ್ನು ಲೋಣಾವಳದ ಬಳಿಯ ಮಳವಲಿಗೆ ಸಾಗಿಸಿದ್ದಾಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನಿಗೆ ಮಾರಬೇಕಾಯಿತು. ಆದರೆ ಪಟಗಳು ಆ ವೇಳೆಗೆ ಸಂತೆಸಂತೆಗೂ ತಲುಪತೊಡಗಿದ್ದವು.

ಆ ಪಟಗಳು ಏನು ಮಾಡಿದವೆಂಬುದನ್ನು ನಾನು ಪುಸ್ತಕದಿಂದ ಮಾತ್ರವೇ ಅರಿತವನಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಮುತ್ತಜ್ಜನಿಗೆ ಊರ ದೇವಸ್ಥಾನದ ಹೊಸ್ತಿಲು ದಾಟುವ ಅಧಿಕಾರವಿರಲಿಲ್ಲ. ಹೊರಗೆ ನಿಂತೇ ಕೈಮುಗಿದು ಬರುತ್ತಿದ್ದನು. ಆತನು ಸಂತೆಯಲ್ಲಿ ಒಂದು ಲಕ್ಷ್ಮಿಯ ಪಟ ಕೊಂಡು ತಲೆಯ ಮೇಲೆ ಹೊತ್ತು ತಂದನೆಂದೂ, ಅಂದು ಮನೆಯಲ್ಲಿ ಹಬ್ಬದ ಅಡುಗೆಯಾಯಿತೆಂದೂ ಅಜ್ಜಿ ಹೇಳುತ್ತಾಳೆ. ರವಿವರ್ಮನ ಸ್ವಂತ ನಾಡಾದ ತಿರುವಾಂಕೂರಿನಲ್ಲಿ ಸರ್ಕಾರದ ದೇವಸ್ಥಾನಗಳು ಎಲ್ಲ ಹಿಂದೂಗಳಿಗೂ ತೆರೆದದ್ದು 1936ರಲ್ಲಿ. ಅದಕ್ಕೆ ನಾಲ್ಕು ದಶಕಗಳ ಮೊದಲೇ ದೇವರು ಕಾಗದದ ಮೇಲೆ ಕುಳಿತು ತಾನಾಗಿಯೇ ಹೊರಟುಬಂದಿದ್ದನು.

ಈತನ ಕಲೆಯನ್ನು ಹಳಿದವರೂ ಇದ್ದಾರೆ. ದೇವತೆಗಳು ನಾಟಕದ ಪಾತ್ರಗಳಂತೆ ಕಾಣುತ್ತಾರೆ, ಶೈಲಿ ವಿದೇಶದ್ದು ಎಂದು ಆನಂದ ಕುಮಾರಸ್ವಾಮಿಯಂತಹ ಪಂಡಿತರು ಆಕ್ಷೇಪಿಸಿದರು. ಆ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ವಾದಿಸಲಾರೆ. ಆದರೆ ಅಚ್ಚಿನ ಪಟವೆಂಬ ಕಾರಣಕ್ಕೇ ಅದನ್ನು ಕೀಳೆನ್ನುವುದಾದರೆ, ಅಚ್ಚಿನ ಪುಸ್ತಕ ಓದಿ ವಿದ್ಯಾವಂತರಾದ ನಾವೆಲ್ಲರೂ ಏನಾಗಬೇಕು?

1905ರಲ್ಲಿ ತಮ್ಮನು ತೀರಿಕೊಂಡನು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣ ಚಿತ್ರಗಳನ್ನು ಬರೆದದ್ದು ರವಿವರ್ಮನ ಕೊನೆಯ ವರ್ಷಗಳ ಕೆಲಸ. 1906ರ ಅಕ್ಟೋಬರ್ 2ರಂದು ಹುಟ್ಟಿದೂರಿನಲ್ಲಿಯೇ ಆತನು ಕಣ್ಣುಮುಚ್ಚಿದನು. ಮಳವಲಿಯ ಮುದ್ರಣಾಲಯ 1972ರಲ್ಲಿ ಬೆಂಕಿಗೆ ಆಹುತಿಯಾಯಿತು. 1979ರಲ್ಲಿ ಭಾರತ ಸರ್ಕಾರವು ಆತನ ಕೃತಿಗಳನ್ನು ಕಲಾನಿಧಿಯೆಂದು ಸಾರಿತು. ಮೂಲಚಿತ್ರಗಳನ್ನು ವಿದೇಶಕ್ಕೆ ಮಾರುವಂತಿಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಆತನ ಮೂಲಚಿತ್ರಗಳನ್ನು ನಾನು ನೋಡಿದ್ದೇನೆ. ಅವನ್ನು ನೋಡಿದ ಮೇಲೆ ಪೇಟೆಯ ಎಲ್ಲ ಪ್ರತಿಗಳೂ ಸಮವಲ್ಲವೆಂದು ತಿಳಿಯಿತು. ಸೀರೆಯ ಜರಿಯ ಮಂದ ಬೆಳಕು, ನೆರಳಿನೊಳಗಿನ ನೆರಳು - ಅಗ್ಗದ ಪ್ರತಿಯಲ್ಲಿ ಇವೇ ಮೊದಲು ಮಾಯವಾಗುತ್ತವೆ. ಕೊಳ್ಳುವವರು ನಾಲ್ಕು ವಿಷಯಗಳನ್ನು ಗಮನಿಸಬೇಕು. ಮೂಲಚಿತ್ರದಿಂದಲೇ ತೆಗೆದ ಛಾಯೆಯೋ, ಪ್ರತಿಯ ಪ್ರತಿಯೋ? ಚಿತ್ರದ ಅಂಚುಗಳನ್ನು ಕತ್ತರಿಸಿದ್ದಾರೆಯೇ? ಕಾಗದ ಹತ್ತಿಯದೋ, ಬೇಗ ಹಳದಿಯಾಗುವ ಅಗ್ಗದ ಕಾಗದವೋ? ಮಸಿ ಬಿಸಿಲಿಗೆ ಬಾಳುವ ವರ್ಣಕದ್ದೋ? ಒಳ್ಳೆಯ ಪ್ರತಿಯನ್ನು ಮಾರುವವನು ಇವಕ್ಕೆಲ್ಲಾ ಉತ್ತರ ಹೇಳಬಲ್ಲನು. ಅದು ಪ್ರತಿಯೆಂಬುದನ್ನು ಮುಚ್ಚಿಡಲಾರನು.

ನಮ್ಮ ಕಾಲೇಜಿನ ವಾಚನಾಲಯದ ಉತ್ತರದ ಗೋಡೆ ಬರಿದಾಗಿದೆ. ವಿದ್ಯಾರ್ಥಿ ಸಂಘದವರು ಮುಂದಿನ ವರ್ಷ ಹಾರತುರಾಯಿಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಅಲ್ಲಿಗೆ ಒಂದು ಉತ್ತಮ ಪ್ರತಿಯನ್ನು ತರಬಾರದೇಕೆ? ಬಿಸಿಲು ನೇರವಾಗಿ ಬೀಳದ ಗೋಡೆ ಅದು. ನಾವು ಹೊರಟುಹೋಗುವವರು, ಮುಂದೆ ಆ ಮೇಜುಗಳಿಗೆ ಬರುವವರಲ್ಲಿ ಮೈಸೂರಿನ ಬಸ್ಸಿಗೆ ಹಣವಿಲ್ಲದವರೂ ಇರುತ್ತಾರೆ.